ಮಂದಿರದ ಅಡಿಯ ಮಣ್ಣು

ಗಾಜಿನ ಜಾಡಿಯೊಳಗೆ ಕೆಸರು ಇನ್ನೂ ತಿರುಗುತ್ತಿತ್ತು. ಕೊಕ್ಕೆ ಅಡುಗೆಮನೆಯ ಮೇಜಿನ ಮೇಲೆ ಗದ್ದ ಊರಿ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದ.

"ಹೆತ್ತ ಮಗಳು ಲಾಕಪ್ಪಲ್ಲಿ ಕೂತಿದ್ದಾಳೆ. ನೀನಿಲ್ಲಿ ಮಣ್ಣಾಟ ಆಡ್ತಾ ಇದೀಯ," ಎಂದಳು ಅಕ್ಕ. "ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ಮೇಜಿಂದ ಕೈ ತೆಗಿ ಅಕ್ಕ. ಅಲ್ಲಾಡುತ್ತೆ."

"ಅಲ್ಲಾಡದೆ ಇರೋದು ಈ ಮನೇಲಿ ಇನ್ನೇನು ಉಳಿದಿದೆ?"

ಕೈ ತೆಗೆದಳು. ಅಲ್ಲಿಂದ ಮಾತ್ರ ಕದಲಲಿಲ್ಲ. ತಮ್ಮನ ಆ ತಾಯಿಯಿಲ್ಲದ ಕೂಸನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ತಮ್ಮನ ಮೇಲೆ ರೇಗುವ ಹಕ್ಕು ಅವಳಿಗಲ್ಲದೆ ಇನ್ನಾರಿಗಿದೆ?

ನೆಲದಾಳದಿಂದ ಎಳೆದ ಮಣ್ಣಿನ ಕೊಳವೆಗಳನ್ನು ಕೆಡದಂತೆ ಇಡುವ ತಣ್ಣನೆಯ ಕೋಣೆಯಲ್ಲಿ, ಹಳೆಯ ಊರುಗಳನ್ನು ಅಗೆದು ಅಭ್ಯಾಸ ಮಾಡುತ್ತಿದ್ದ ದೊಡ್ಡ ಮೇಷ್ಟ್ರು ಹೆಣವಾಗಿ ಸಿಕ್ಕಿದ್ದರು, ಒಳಗಿನಿಂದ ತೆಗೆಯಲಾಗದ ಅದರ ಬಾಗಿಲು ಮುಚ್ಚಿತ್ತು, ಕೊನೆಗೆ ಅವರ ಜೊತೆ ಇದ್ದವಳು ಅವರ ಸಹಾಯಕಿಯಾದ ಕೊಕ್ಕೆಯ ಮಗಳು. ಪೊಲೀಸರ ಮುಂದೆ ಅವಳು ಆಡಿದ್ದು ಒಂದೇ ಮಾತು: 'ನನ್ನಿಂದಲೇ ಸತ್ತರು.' ಆಮೇಲೆ ಬಾಯಿಗೆ ಬೀಗ. ನಾಳೆ ಕೋರ್ಟಿನಲ್ಲಿ ಅವಳ ಮೇಲೆ ಕೊಲೆಯ ಆರೋಪ ಹೊರಿಸುತ್ತಾರೆ. ಅಷ್ಟರೊಳಗೆ ಬೇರೊಂದು ಹೆಸರು ಸಿಗದಿದ್ದರೆ ಆ ಹುಡುಗಿಯ ಬಾಳು ಮುಗಿದ ಹಾಗೆಯೇ.

ಎಲ್ಲರೂ ಕೈತೊಳೆದುಕೊಂಡ ಕೇಸುಗಳಿಗೆಲ್ಲ ಕೊಕ್ಕೆ ಹಾಕಿ ಹಾಕಿ ಇಲಾಖೆಯಲ್ಲಿ ಅವನಿಗೆ ಈ ಹೆಸರು ಬಂದದ್ದು. ನಿವೃತ್ತಿಯ ದಿನ ಜೊತೆಯವರು ತಮಾಷೆಗೆಂದು ನಿಜವಾದ ಕಬ್ಬಿಣದ ಕೊಕ್ಕೆಯನ್ನೇ ಉಡುಗೊರೆ ಕೊಟ್ಟಿದ್ದರು. ಅಕ್ಕ ಅದಕ್ಕೆ ಒರೆಸುವ ಬಟ್ಟೆ ನೇತುಹಾಕುತ್ತಾಳೆ. ಊರವರ ಕೇಸುಗಳಲ್ಲಿ ಅಷ್ಟು ಚುರುಕಾಗಿದ್ದವನು ಸ್ವಂತ ಮಗಳ ಕೇಸಿನಲ್ಲಿ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿದವನ ಹಾಗೆ ತಡಕಾಡುತ್ತಿದ್ದ.

ಹಿತ್ತಲ ಮಣ್ಣು, ಮರಳು ಕಲಕಿಟ್ಟಿದ್ದ ಜಾಡಿಯಲ್ಲಿ ದಪ್ಪ ಮರಳು ಮೊದಲು ತಳಕ್ಕೆ ಇಳಿಯಿತು. ಅದರ ಮೇಲೆ ಸಣ್ಣ ಮರಳು. ಎಲ್ಲದರ ಮೇಲೆ, ಆತುರವೇ ಇಲ್ಲದಂತೆ, ನುಣ್ಣನೆಯ ಜೇಡಿ ಕೂರತೊಡಗಿತು.

ಇದು ಅವನಿಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನೆರೆ ಬಂದು ಹೋದ ಊರೊಂದರಲ್ಲಿ ಮನೆಮನೆಯ ಕೆಸರು ಅಗೆದು ಹೆಣ ತೆಗೆದವನು ಅವನು. ಪ್ರತಿ ಮನೆಯಲ್ಲೂ ಮೇಲೆ ಬಿರುಕುಬಿಟ್ಟ ಜೇಡಿ, ಸಲಿಕೆ ಕೆಳಗಿಳಿದಂತೆ ಕರಕರ ಮರಳು. ನೀರು ಹೊತ್ತು ತಂದದ್ದನ್ನು ಇಳಿಸುವ ಕ್ರಮ ಅದು. ಭಾರದ್ದು ಕೆಳಗೆ, ಹಗುರದ್ದು ಮೇಲೆ.

ಜಾಡಿಯ ಪಕ್ಕದಲ್ಲೇ ಮಲಗಿತ್ತು ಆ ಕೊಳವೆ. ತೋಳುದ್ದದ ಪಾರದರ್ಶಕ ಪ್ಲಾಸ್ಟಿಕ್ಕು, ಒಳಗೆ ಒತ್ತಾಗಿ ತುಂಬಿದ ಮಣ್ಣು, ಒಂದು ತುದಿಗೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ನೀಲಿ. ಮೇಷ್ಟ್ರ ಹೆಣದ ಮಡಿಲಲ್ಲಿ ಇದ್ದದ್ದು ಇದೇ. ಕೇಸು ನಡೆಸುತ್ತಿದ್ದ ಇನ್‌ಸ್ಪೆಕ್ಟರ್ ಕೊಕ್ಕೆಯ ಕೈಕೆಳಗೆ ಪಳಗಿದ ಶಿಷ್ಯ. 'ಮಣ್ಣು ತಾನೇ ಸಾರ್, ನೋಡಿ ಕೊಡಿ,' ಎಂದು ಗುಟ್ಟಾಗಿ ಇದನ್ನು ಕೈಗಿತ್ತಿದ್ದ.

ಕೊಕ್ಕೆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೇಷ್ಟ್ರ ಕೆಲಸದಲ್ಲಿ ಕೆಂಪು ಎಂದರೆ ಮೇಲಿನ ತುದಿ, ನೀಲಿ ಎಂದರೆ ಕೆಳಗಿನದು. ಕೆಂಪಿನ ಕಡೆ ಏನೂ ಇಲ್ಲದ ಬರಿಮಣ್ಣು. ನೀಲಿಯ ಕಡೆ ಬೂದಿ, ಇದ್ದಿಲು, ಮಡಕೆಯ ಚೂರು, ಅಂದರೆ ಹಳೆಯ ಊರು. ನಡುವೆ ಗೇಣುದ್ದದ ಪ್ರವಾಹದ ಪದರ. ಆ ಪದರದಲ್ಲಿ ದಪ್ಪ ಮರಳು ಕೆಂಪಿನ ಕಡೆಗಿತ್ತು, ನುಣ್ಣನೆಯ ಜೇಡಿ ನೀಲಿಯ ಕಡೆಗೆ.

ಅವನು ಮತ್ತೊಮ್ಮೆ ಜಾಡಿ ನೋಡಿದ, ಮತ್ತೊಮ್ಮೆ ಕೊಳವೆ ನೋಡಿದ.

"ಅಕ್ಕ, ಇದು ತಲೆಕೆಳಗಾಗಿದೆ."

"ಯಾವುದು ನೆಟ್ಟಗಿದೆ ಹೇಳು," ಎಂದಳು ಅಕ್ಕ.

ಆದರೆ ಇದು ಅಷ್ಟು ಸುಲಭಕ್ಕೆ ತಳ್ಳಿಹಾಕುವ ಮಾತಾಗಿರಲಿಲ್ಲ. ದೇವರು ಮುನಿದು ನೀರು ಬಿಟ್ಟ, ಊರು ಮುಳುಗಿತು, ಒಂದೇ ಒಂದು ದೋಣಿ ಉಳಿಯಿತು ಎಂದು ಹಳೆಯ ಗ್ರಂಥ ಹೇಳುತ್ತದೆ. ಆ ಮುಳುಗಿದ ಊರು ಇದೇ ಎಂದು ದೊಡ್ಡ ಮೇಷ್ಟ್ರು ಹೇಳಿದ್ದು ಈ ಕೊಳವೆಯ ಬಲದಿಂದ. ಈ ಮಣ್ಣು ಸಿಕ್ಕ ಹಳೆಯ ಪ್ರಾರ್ಥನಾ ಮಂದಿರದ ಅಡಿಯಲ್ಲಿ ಅಗೆಯುವ ಹಾಗಿಲ್ಲ, ಕಟ್ಟಡ ಕುಸಿಯುತ್ತದೆ. ನೆಲಕ್ಕೆ ಕೊಳವೆ ಬಡಿದು ಮಣ್ಣು ಎಳೆಯಬಹುದು, ಅಷ್ಟೇ. ಹಾಗೆ ಎಳೆದದ್ದು ಒಂದೇ ದಿನ, ಎರಡೇ ಕೊಳವೆ. ಒಂದನ್ನು ಪರೀಕ್ಷೆಗೆಂದು ಕತ್ತರಿಸಿ ಮುಗಿಸಿದರು. ಜೋಡಿಯದನ್ನು, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಇರಲಿ ಎಂದು ಮುಟ್ಟದೆ ಇಟ್ಟರು. ಇದು ಆ ಜೋಡಿಯದು.

ಕೊಳವೆ ಇಷ್ಟು ದಿನ ಹೇಳುತ್ತಿದ್ದ ಕಥೆ ಹೀಗಿತ್ತು: ಊರಿತ್ತು, ನೀರು ಬಂತು, ಆಮೇಲೆ ಯಾರೂ ಇಲ್ಲ. ತಿರುಗಿಸಿ ಹಿಡಿದರೆ ಕಥೆಯೇ ಬೇರೆ: ಯಾರೂ ಇರಲಿಲ್ಲ, ನೀರು ಬಂತು, ಹೋಯಿತು, ಆಮೇಲೆ ಊರು ಹುಟ್ಟಿತು. ಮುಳುಗಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಇದರಿಂದ ಲಾಭ ಯಾರಿಗೆ? ವಿದ್ಯಾರ್ಥಿಗಳು ದೊಡ್ಡ ಮೇಷ್ಟ್ರಿಗೆ 'ಹೌದು ಮೇಷ್ಟ್ರು' ಎಂದೂ, ಅವರ ಎದುರು ಪಕ್ಷದ ಪ್ರೊಫೆಸರಮ್ಮನಿಗೆ 'ಅಲ್ಲ ಮೇಡಂ' ಎಂದೂ ಹೆಸರಿಟ್ಟಿದ್ದರು. ಪ್ರಳಯ ಆಯಿತೇ ಎಂದರೆ ಇವರು ಹೌದು, ಅವರು ಅಲ್ಲ. ಇಪ್ಪತ್ತು ವರ್ಷ ವೇದಿಕೆ ಸಿಕ್ಕಲ್ಲೆಲ್ಲ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸಿದವರು.

ಕೊಕ್ಕೆಗೆ ಬೆನ್ನುಮೂಳೆಯಲ್ಲಿ ಹಳೆಯ ಕಚಗುಳಿ ಆಯಿತು. ಎಷ್ಟೋ ದಿನಗಳ ಮೇಲೆ ಅವನು ಬೂಟಿನ ದಾರ ಬಿಗಿಯಾಗಿ ಕಟ್ಟಿದ.

ಅಲ್ಲ ಮೇಡಂ ಅವರ ಲ್ಯಾಬು ಕಾಲೇಜಿನ ಹಿಂಬದಿಯ ನೆಲಮಾಳಿಗೆಯಲ್ಲಿತ್ತು. ತಟ್ಟೆಗಳಲ್ಲಿ ಒಣಗಲು ಹಾಕಿದ ಮಣ್ಣು, ಗೋಡೆಗೆ ಒರಗಿಸಿದ ಜರಡಿಗಳು, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಮೇಡಂ ಒಬ್ಬರೇ ಕುಳಿತು ಕುಂಚದಿಂದ ಮಡಕೆ ಚೂರೊಂದರ ಧೂಳು ಕೊಡವುತ್ತಿದ್ದರು. ತಲೆ ಎತ್ತಿದವರು ಎದ್ದು ನಿಲ್ಲಲಿಲ್ಲ.

"ಬನ್ನಿ. ಇವತ್ತಲ್ಲ ನಾಳೆ ಬರ್ತೀರಿ ಅಂತ ಗೊತ್ತಿತ್ತು."

ಕೊಕ್ಕೆ ಕೂರಲಿಲ್ಲ. ಅವನ ಕಣ್ಣು ಗೋಡೆಯುದ್ದದ ಕಪಾಟಿಗೆ ಅಂಟಿಕೊಂಡಿತ್ತು. ಅಲ್ಲಿ ಸಾಲಾಗಿ ನೆಟ್ಟಗೆ ನಿಲ್ಲಿಸಿದ್ದ ಮಣ್ಣಿನ ಕೊಳವೆಗಳು. ಎಲ್ಲದರ ತಲೆಯ ಮೇಲೂ ನೀಲಿ ಮುಚ್ಚಳ. ಬುಡದಲ್ಲಿ ಕೆಂಪು.

ಅವನು ಹತ್ತಿರ ಹೋಗಿ ಒಂದರ ಮುಚ್ಚಳ ಮುಟ್ಟಿದ.

"ನಿಮ್ಮಲ್ಲಿ ಕೆಂಪು ಕೆಳಗೆ ಹಾಕ್ತೀರಾ?"

"ಮೊದಲಿಂದ ಹಾಗೇ. ಕೆಂಪು ಅಂದ್ರೆ ನಿಲ್ಲು, ಇನ್ನು ಕೆಳಗೆ ಹೋಗಿಲ್ಲ ಅಂತ. ಅವರಲ್ಲಿ ತಿರುಗು ಮುರುಗು. ಯಾಕೆ?"

ಕೊಕ್ಕೆ ಕೊಳವೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟ. ಮೇಡಂ ಕುಂಚ ಕೆಳಗಿಟ್ಟರು.

"ಇದು ನಿಮ್ಮ ಕೈಗೆ ಹೇಗೆ ಬಂತು?"

"ಬಂತು. ಇದರಲ್ಲಿ ಮರಳು ಜೇಡಿಯ ಮೇಲೆ ಕೂತಿದೆ ಮೇಡಂ. ನೀರು ಹಾಗೆ ಇಳಿಸಲ್ಲ. ಮುಚ್ಚಳ ಅದಲು ಬದಲಾಗಿದೆ. ಮೇಷ್ಟ್ರು ಮಂದಿರದಲ್ಲಿ ತೆಗೆದ ಕೊಳವೆಗೆ ನಿಮ್ಮ ಲ್ಯಾಬಿನ ಪದ್ಧತಿ ಹೇಗೆ ಬಂತು ಅಂತ ಕೇಳೋಕೆ ಬಂದೆ."

ಮೇಡಂ ಕೊಳವೆಯನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಮುಚ್ಚಳ ತೆಗೆದು ನೋಡಿದ್ರಾ?"

"ತೆಗೀಬೇಕಾಗೇ ಇಲ್ಲ. ಪಕ್ಕದಿಂದಲೇ ಕಾಣುತ್ತೆ."

"ಹೂಂ," ಎಂದರು ಮೇಡಂ. ಕುರ್ಚಿಗೆ ಒರಗಿದರು. "ಸರಿ, ನಿಮ್ಮ ಕಥೆ ಹೇಳಿ. ಕೊಕ್ಕೆ ಹಾಕೋರು ಅಂತ ನಿಮ್ಮ ಮಗಳು ಹೇಳ್ತಿದ್ದಳು."

"ಕಥೆ ಸಣ್ಣದು. ನೀವು ಯಾರದೋ ಕೈಲಿ ಮುಚ್ಚಳ ಬದಲಾಯಿಸಿದ್ರಿ. ಮೇಷ್ಟ್ರು ಪ್ರಪಂಚಕ್ಕೆಲ್ಲ ಡಂಗುರ ಹೊಡೀಲಿ, ಆಮೇಲೆ ಕಾಲು ಎಳೀತೀನಿ ಅಂತ. ಮೇಷ್ಟ್ರಿಗೆ ಗೊತ್ತಾಯ್ತು. ನಿಮ್ಮನ್ನ ಕೋಲ್ಡ್ ರೂಮಿಗೆ ಕರೆಸಿದ್ರು. ನೀವು ಹೊರಗೆ ಬಂದ್ರಿ, ಅವರು ಬರಲಿಲ್ಲ."

ಮೇಡಂ ನಕ್ಕರು. ಸಂತೋಷದ ನಗೆಯಲ್ಲ; ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಮುಂದೆ ಬರುವಂಥದ್ದು.

"ಆ ಕೊಳವೆ ಬಡಿದ ದಿನ ನಾನು ಮೊಣಕಾಲಿನ ಆಪರೇಷನ್ ಮಾಡಿಸ್ಕೊಂಡು ಆಸ್ಪತ್ರೇಲಿ ಮಲಗಿದ್ದೆ. ಬೇಕಾದ್ರೆ ವಿಚಾರಿಸಿ. ಇನ್ನು ಮೇಷ್ಟ್ರ ಕಾಲು ಎಳೆಯೋಕೆ ಮುಚ್ಚಳ ಬದಲಾಯಿಸಬೇಕಾ? ಮಾತಲ್ಲೇ ಎಳೀತಿದ್ದೆ. ಊರುಗಳೆಲ್ಲ ಎಲ್ಲಿ ಹುಟ್ಟುತ್ವೆ? ನದಿ ದಂಡೇಲಿ. ಊರಿಗೊಂದು ನೆರೆ, ನೆರೆಗೊಂದು ಕಥೆ. ಪ್ರತಿಯೊಬ್ಬರಿಗೂ ತಮ್ಮ ಅಜ್ಜನ ಮನೆ ಮುಳುಗಿದ್ದೇ ಪ್ರಳಯ. ಅದಕ್ಕೆ ಭೂಮಿಯನ್ನೆಲ್ಲ ಯಾಕೆ ಮುಳುಗಿಸಬೇಕು?"

"ಮೇಷ್ಟ್ರು ಏನನ್ನೋರು?"

"ಇಷ್ಟು ಜನ, ಇಷ್ಟು ದೂರದೂರದಲ್ಲಿ, ಒಂದೇ ಕಥೆ ಹೇಳಬೇಕಾದ್ರೆ ಬುಡದಲ್ಲಿ ಏನೋ ಇರಬೇಕು ಅನ್ನೋರು. ಬೆಂಕಿ ಇಲ್ಲದೆ ಹೊಗೆ ಏಳುತ್ತಾ ಅಂತ. ಬೆಂಕಿ ಎಲ್ಲರ ಮನೆ ಒಲೇಲೂ ಇರುತ್ತೆ ಮೇಷ್ಟ್ರೇ ಅಂತ ನಾನು. ಜನ ಚಪ್ಪಾಳೆ ತಟ್ಟೋರು. ಇಬ್ಬರಿಗೂ."

"ಮಂದಿರದ ಅಡಿ ಇರೋ ಈ ಪದರಕ್ಕೆ ಏನು ಹೇಳಿದ್ರಿ?"

"ಅದು ನೆರೆಯ ಮಣ್ಣೇ ಅಲ್ಲ. ನೆಲ ಮಟ್ಟ ಮಾಡೋಕೆ ಜನ ಹೊತ್ತು ತಂದು ಸುರಿದ ಜೇಡಿ. ಪುಸ್ತಕಾನೇ ಬರೆದಿದೀನಿ."

"ಜನ ಸುರಿದ್ರೆ ಮರಳು, ಜೇಡಿ ಹೀಗೆ ಬೇರೆ ಬೇರೆ ಆಗಿ ಕೂರಲ್ಲವಲ್ಲ. ಇದು ನೀರೇ ಇಳಿಸಿದ್ದು."

ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇರೆ ದಿನವಾಗಿದ್ದರೆ ಕೊಕ್ಕೆ ಆ ಮೌನಕ್ಕೇ ಕೊಕ್ಕೆ ಹಾಕುತ್ತಿದ್ದ. ಆದರೆ ಅವನಿಗೆ ಬೇಕಾದದ್ದು ಮುಚ್ಚಳದ ಉತ್ತರ, ಮಣ್ಣಿನದಲ್ಲ. ಮಗಳನ್ನು ಉಳಿಸಲು ಹೊರಟವನ ಬುದ್ಧಿ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ ಒಂದೇ ದಾರಿಯಲ್ಲಿ ಓಡುತ್ತಿತ್ತು.

"ಆ ದಿನ ಕೊಳವೆಗೆ ಮುಚ್ಚಳ ಹಾಕಿದ್ದು ಯಾರು ಅಂತ ನೀವಿನ್ನೂ ಕೇಳಲಿಲ್ಲ," ಎಂದರು ಮೇಡಂ ಮೆಲ್ಲಗೆ.

ಕೊಕ್ಕೆ ಕೊಳವೆಯನ್ನು ತನ್ನ ಕಡೆಗೆ ಸರಿಸಿಕೊಂಡ.

"ಅಲ್ಲಿದ್ದ ಕೆಲಸದವರೆಲ್ಲ ಮೇಷ್ಟ್ರ ಹತ್ತಿರವೇ ಪಳಗಿದವರು. ಕೆಂಪು ಮೇಲೆ ಅಂತ ನಿದ್ದೇಲೂ ಹೇಳ್ತಾರೆ. ಒಬ್ಬಳು ಮಾತ್ರ ಆಗ ತಾನೇ ಬೇರೆ ಲ್ಯಾಬಿಂದ ಹೋಗಿದ್ದಳು. ನಾಲ್ಕು ವರ್ಷ ಇದೇ ಕಪಾಟಿಗೆ ಕೊಳವೆ ಜೋಡಿಸಿದವಳು. ನನ್ನ ಜೊತೆ ಜಗಳ ಆಡಿಕೊಂಡು ಹೋಗಿ ಇನ್ನೂ ವಾರ ಆಗಿರಲಿಲ್ಲ."

ಕೊಕ್ಕೆಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮಗಳು ಅಲ್ಲಿ ಕಲಿತದ್ದು, ಬಿಟ್ಟದ್ದು, ಇಲ್ಲಿ ಸೇರಿದ್ದು ಎಲ್ಲಾ ಅವನ ಕಣ್ಣೆದುರಿಗೇ ಆದದ್ದು. ಕಪಾಟು ಕಂಡ ಕ್ಷಣವೇ ಅದು ಹೊಳೆಯಬೇಕಿತ್ತು. ಹೊಳೆಯಗೊಡಲಿಲ್ಲ ಅವನು, ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಊರಿಗೆಲ್ಲ ಹೇಳುತ್ತಿದ್ದವನ ಗತಿ ಇದು.

"ಕೈ ಅಭ್ಯಾಸ," ಎಂದರು ಮೇಡಂ. "ಬೇಕೂಂತ ಮಾಡಿದ್ದಲ್ಲ, ಪಾಪ. ಹಳೇ ಮನೇಲಿ ಸ್ವಿಚ್ಚು ಬಲಗಡೆ ಇದ್ರೆ ಹೊಸ ಮನೇಲೂ ಕೈ ಬಲಕ್ಕೇ ಹೋಗುತ್ತಲ್ಲ, ಹಾಗೆ. ಆ ಒಂದು ಅಭ್ಯಾಸದ ಮೇಲೆ ಮೇಷ್ಟ್ರು ಪ್ರಳಯ ಕಟ್ಟಿದ್ರು. ಪ್ರಪಂಚದ ಪತ್ರಿಕೆಗಳೆಲ್ಲ ಬರೆದ್ವು. ಸತ್ತ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿದ್ರು. ಕೊಳವೆ ತಲೆಕೆಳಗಾಗಿದೆ, ಬಂದು ನೋಡು ಅಂದ್ರು. ಧ್ವನಿ ನಡುಗ್ತಾ ಇತ್ತು. ನಾನು ಹೋಗಲಿಲ್ಲ. ಸೋತ ಮನುಷ್ಯನ ಮುಖ ನೋಡೋಕೆ ಇಷ್ಟ ಆಗಲಿಲ್ಲ."

"ನೀವು ಹೋಗಲೇ ಇಲ್ಲ?"

"ಪೊಲೀಸರಿಗೂ ಅದನ್ನೇ ಹೇಳಿದೀನಿ. ಈಗ ನೀವೇ ಯೋಚನೆ ಮಾಡಿ. ಇಡೀ ಬಾಳು ಮಣ್ಣುಪಾಲಾದ ಮುದುಕ. ಎದುರಿಗೆ ಅದಕ್ಕೆ ಕಾರಣ ಆದ ಹುಡುಗಿ. ಏನೇನು ಅಂದಿರಬಹುದು ಅವಳಿಗೆ? ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ ಅಂದಿರಬಹುದು. ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಿರಬಹುದು. ಸಿಟ್ಟಲ್ಲಿ. ಕೊಲ್ಲೋಕಲ್ಲ."

"ಸಾಕು."

"ಗೆದ್ದವರು ಕೊಲ್ಲಲ್ಲ ಸಾಹೇಬ್ರೇ. ಗೆದ್ದಿದ್ದು ನಾನು."

ಮೇಡಂ ಎದ್ದು ಬಂದು ಅವನ ಪಕ್ಕ ನಿಂತರು. ದನಿ ಇನ್ನೂ ಮೆತ್ತಗಾಯಿತು.

"ಪೊಲೀಸರ ಲೆಕ್ಕಕ್ಕೆ ಇದು ಬರೀ ಮಣ್ಣು. ಅವಳಿಗೆ ಕೊಲ್ಲೋಕೆ ಕಾರಣ ಏನಿತ್ತು ಅನ್ನೋದೇ ಅವರಿಗೆ ಇನ್ನೂ ಸಿಕ್ಕಿಲ್ಲ. ಕಾರಣ ಇಲ್ಲದ ಕೇಸು ಎಷ್ಟು ದಿನ ನಿಲ್ಲುತ್ತೆ, ನಿಮಗೆ ನಾನು ಹೇಳಬೇಕಾ? ನನ್ನ ಬಾಯಿಂದ ಒಂದು ಮಾತೂ ಬರಲ್ಲ, ಜಗಳ ಆಡಿದ್ರೂ ಅವಳು ನನ್ನ ಶಿಷ್ಯೆ. ಆದ್ರೆ ನಾಳೆ ತಿಳಿದವರು ಯಾರಾದ್ರೂ ಇದನ್ನ ಕೋರ್ಟಲ್ಲಿ ನೋಡಿದ್ರೆ, ನಿಮ್ಮ ಕಣ್ಣಿಗೆ ಕಂಡದ್ದು ಅವರಿಗೂ ಕಾಣುತ್ತೆ."

ಕೊಕ್ಕೆ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿದ. ಸುತ್ತಿದ್ದು ಬಿಚ್ಚಿಕೊಂಡಿತು, ಮತ್ತೆ ಸುತ್ತಿದ.

ಬಸ್ಸಿನಲ್ಲಿ ಅವನು ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಪಕ್ಕದ ಹೆಂಗಸು ಕೂಸೇನೋ ಎಂದು ಬಗ್ಗಿ ನೋಡಿ, ಅಲ್ಲವೆಂದು ತಿಳಿದು ಮುಖ ತಿರುಗಿಸಿಕೊಂಡಳು. ಮಗಳನ್ನು ಉಳಿಸುವ ಹೆಸರೊಂದನ್ನು ಹುಡುಕಿಕೊಂಡು ಹೋಗಿದ್ದ. ತಂದದ್ದು ಮಗಳ ಹೆಸರನ್ನೇ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಗುತ್ತದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳು ಏನೂ ಕೇಳದೆ ಇದ್ದದ್ದು ಬಹುಶಃ ಇದೇ ಮೊದಲು.

ಅಡುಗೆಮನೆಯ ಜಾಡಿಯಲ್ಲಿ ನೀರು ತಿಳಿಯಾಗಿತ್ತು. ಕೊಕ್ಕೆ ಮೇಜಿನ ಮುಂದೆ ಕುಳಿತ, ಎದ್ದ, ಮತ್ತೆ ಕುಳಿತ.

ಸಾಕ್ಷಿಗೆ ಕೈ ಹಚ್ಚಿದವನಲ್ಲ ಅವನು. ತಮ್ಮನನ್ನು ಉಳಿಸಿಕೊಳ್ಳಲು ರಕ್ತದ ಅಂಗಿ ಸುಟ್ಟ ಜೊತೆಯವನೊಬ್ಬನನ್ನು ಹಿಂದೊಮ್ಮೆ ತಾನೇ ಮುಂದೆ ನಿಂತು ಕೆಲಸದಿಂದ ತೆಗೆಸಿದ್ದ. ಆ ಮನುಷ್ಯ ಕಾಲಿಗೆ ಬಿದ್ದಾಗ 'ಕಾನೂನಿಗೆ ತಮ್ಮ ಅಣ್ಣ ಗೊತ್ತಿಲ್ಲಪ್ಪ' ಎಂದಿದ್ದ. ಎಷ್ಟು ಸುಲಭವಾಗಿ ಬಂದಿತ್ತು ಆ ಮಾತು.

ಮಗಳ ಕೈಗಳು ಕಣ್ಣಿಗೆ ಕಟ್ಟಿದವು. ಉಗುರಿನ ಸಂದಿಯಲ್ಲಿ ಸದಾ ಮಣ್ಣು. ಊಟಕ್ಕೆ ಕೂರುವ ಮುಂಚೆ ಅತ್ತೆ ಕೈಮೇಲೆ ಹೊಡೆದು ಎಬ್ಬಿಸುತ್ತಿದ್ದಳು, ತೊಳೆದು ಬಾ ಎಂದು. ಆ ಕೈಗಳಿಗೆ ಬೇಡಿ. ಬಾಗಿಲು ಎಳೆದು ಹೋದವಳು ಅವಳೇ ಇರಬಹುದೇ? ಅವನು ಆ ಪ್ರಶ್ನೆಯ ಬಳಿ ಹೋಗಿ ಹಿಂದೆ ಬಂದ. ಇದ್ದರೂ ಅವಳು ತನ್ನ ಮಗಳೇ. ಇಷ್ಟು ವರ್ಷಗಳ ಕೆಲಸದಲ್ಲಿ ಅವನು ಎಂದೂ ಒಪ್ಪದ ವಾದ ಅದು, ಈಗ ಅವನ ಬಳಿ ಉಳಿದಿದ್ದ ಒಂದೇ ವಾದವೂ ಅದೇ.

"ಅಕ್ಕ, ಹಿತ್ತಲ ಕುಂಡದಿಂದ ಒಂದಿಷ್ಟು ಮಣ್ಣು ತಗೊಂಡು ಬಾ."

"ಏನಕ್ಕೆ?"

"ಪೊಲೀಸರಿಗೆ ಮಣ್ಣು ಮಣ್ಣೇ."

ಬಚ್ಚಲಿಗೆ ಹೋಗಿ ಎರಡೂ ಮುಚ್ಚಳ ಕಿತ್ತ. ಎಲ್ಲವನ್ನೂ ಎರಡೆರಡು ಸಲ ನೋಡುವ ಮನುಷ್ಯ ಈ ಸಲ ನೋಡಲಿಲ್ಲ. ನೋಡಿದರೆ ಕೈ ನಿಂತುಬಿಡುತ್ತದೆ ಎಂಬ ಭಯ. ನಲ್ಲಿ ಪೂರ್ತಿ ತಿರುಗಿಸಿ ಕೊಳವೆಯ ಬಾಯಿ ಅದರ ಕೆಳಗೆ ಹಿಡಿದ.

ಮಣ್ಣು ಮೊದಲು ಜಗ್ಗಲಿಲ್ಲ. ಸೌಟಿನ ಹಿಡಿಯಿಂದ ತಿವಿದ. ಒಂದು ಉಂಡೆ ಜಾರಿ ಬಿತ್ತು, ಆಮೇಲೆ ಇನ್ನೊಂದು. ಇದ್ದಿಲು ಕಪ್ಪಾಗಿ ಹರಿಯಿತು. ಮಡಕೆಯ ಪುಟ್ಟ ಚೂರು ಕಲ್ಲಿನ ಮೇಲೆ ಟಣಕ್ಕೆಂದು ಬಿದ್ದು ತೂತಿನ ಕಡೆ ಜಾರಿತು. ಯಾವ ಕಾಲದ ಒಲೆಯ ಬೂದಿಯೋ, ಯಾವ ತಾಯಿ ಗಂಜಿ ಕಾಯಿಸಿದ ಮಡಕೆಯೋ. ಆ ಜನರನ್ನು ಅಂದು ಯಾವ ನೀರೂ ಮುಳುಗಿಸಿರಲಿಲ್ಲ, ಇಂದು ಕೊಕ್ಕೆಯ ಬಚ್ಚಲ ನೀರು ಮುಳುಗಿಸಿತು. ಕೊನೆಗೆ ಮರಳು ಬಂತು. ಅವನು ಅಂಗೈಯಿಂದ ಬಳಿದು ಬಳಿದು ಅದನ್ನೂ ಕಳಿಸಿದ.

ಅಕ್ಕ ಕುಂಡದ ಮಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನೋ ಮಾಡಿದೆ?"

"ಕೂಸನ್ನ ಉಳಿಸಿದೆ," ಎಂದ. ಗೋಡೆಗೆ ಕೈ ಊರಿ ನಿಂತ.

ಫೋನು ಅಡುಗೆಮನೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಅಕ್ಕ ತಂದು ಸ್ಪೀಕರ್ ಹಾಕಿ ಅವನ ಪಕ್ಕದಲ್ಲಿಟ್ಟಳು.

"ಸಾರ್," ಎಂದ ಇನ್‌ಸ್ಪೆಕ್ಟರ್ ಶಿಷ್ಯ. ಅವನ ದನಿಯಲ್ಲಿ ಬಹಳ ದಿನಗಳಿಂದ ಇಲ್ಲದ ಗೆಲುವು. "ನಿಮ್ಮ ಮಗಳು ಬಾಯಿ ಬಿಟ್ರು ಸಾರ್."

ಕೊಕ್ಕೆ ನಲ್ಲಿ ನಿಲ್ಲಿಸಿದ.

"ಕೋಲ್ಡ್ ರೂಮಿನ ಬಾಗಿಲಿಗೆ ಒಂದು ಮರದ ತುಂಡು ಅಡ್ಡ ಇಡ್ತಾರಂತೆ, ಮುಚ್ಚಿಕೊಳ್ಳದ ಹಾಗೆ. ಅದನ್ನ ತಾನು ಸರಿಯಾಗಿ ಇಡಲಿಲ್ಲವೇನೋ, ಅದು ಜಾರಿ ಮೇಷ್ಟ್ರು ಸತ್ರೇನೋ ಅಂತ ಇಷ್ಟು ದಿನ ಒಳಗೊಳಗೇ ಕೊರಗ್ತಾ ಇದ್ರು. ಇವತ್ತು ಮಾತಿಗೆ ಮಾತು ಬಂದು, ಮೇಡಂ ಆವತ್ತು ಬರಲೇ ಇಲ್ವಂತೆ ಅಂದೆ. ತಲೆ ಎತ್ತಿ ನೋಡಿದ್ರು ಸಾರ್. ಆಮೇಲೆ ಎಲ್ಲಾ ಹೇಳಿದ್ರು."

"ಏನು ಹೇಳಿದ್ಲು?"

"ಕೊಳವೆ ತಲೆಕೆಳಗಾಗಿದೆ ಅಂತ ಕಂಡುಹಿಡಿದಿದ್ದೇ ಅವರು. ಮೇಷ್ಟ್ರಿಗೆ ಅವರೇ ತೋರಿಸಿ, ತಪ್ಪು ನನ್ನದು ಅಂದ್ರಂತೆ. ಮೇಷ್ಟ್ರು ಬೈಯಲಿಲ್ಲ, ನಕ್ಕುಬಿಟ್ರಂತೆ. 'ನಂದೂ ತಪ್ಪು, ನಿಮ್ಮ ಮೇಡಂದೂ ತಪ್ಪು. ನೆರೆ ಬಂದದ್ದು ನಿಜ, ಮುಳುಗೋಕೆ ಮಾತ್ರ ಯಾರೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ಹೇಳೋಣ,' ಅಂತ ಆಗಲೇ ಮೇಡಂಗೆ ಫೋನ್ ಮಾಡಿದ್ರಂತೆ. ಬರ್ತೀನಿ ಅಂದ್ರಂತೆ ಮೇಡಂ. ನೆರೆ ನಿಜ ಅಂದ್ರೆ ಅವರು ಬರೆದ ಪುಸ್ತಕಾನೂ ಸುಳ್ಳಾಗುತ್ತಲ್ಲ ಸಾರ್."

ಕೊಕ್ಕೆ ಖಾಲಿ ಕೊಳವೆಯನ್ನು ನೆಲಕ್ಕಿಟ್ಟ.

"ಇನ್ನು ಮುಖ್ಯವಾದ್ದು ಕೇಳಿ. ಮೇಷ್ಟ್ರು, ಮೇಡಂ ಇಬ್ಬರೂ ಒಬ್ಬರೇ ಗುರುಗಳ ಹತ್ತಿರ ಕಲಿತವರು. ಆ ಗುರುಗಳದು ಒಂದು ಪದ್ಧತಿ. ಜಗಳ ಆಡಿದ ಇಬ್ಬರು ಒಂದು ಕೊಳವೆ ವಿಷಯದಲ್ಲಿ ಒಪ್ಪಿದ್ರೆ ಸಹಿ ಗಿಹಿ ಇಲ್ಲ. ಒಬ್ಬೊಬ್ಬರು ಒಂದೊಂದು ತುದೀಲಿ ಹಸಿ ಮಣ್ಣಿಗೆ ಹೆಬ್ಬೆಟ್ಟು ಒತ್ತಿ ಮುಚ್ಚಳ ಹಾಕಬೇಕು. ನಿಮ್ಮ ಮಗಳ ಎದುರಿಗೇ ಮೇಷ್ಟ್ರು ನೀಲಿ ತುದೀಲಿ ಒತ್ತಿದ್ರು. ಕೆಂಪು ತುದಿ ತೆರೆದೇ ಇಟ್ಟು, ಮೇಡಂ ಬಂದು ಒತ್ತಲಿ ಅಂತ ಕೂತ್ಕೊಂಡ್ರು. ನಿಮ್ಮ ಮಗಳು ಮನೆಗೆ ಹೊರಟಾಗ ಆ ಕಡೆ ಮುಚ್ಚಳ ಇರಲಿಲ್ಲ. ನಮಗೆ ಕೊಳವೆ ಸಿಕ್ಕಾಗ ಎರಡೂ ಕಡೆ ಇತ್ತು. ಹಾಗಾದ್ರೆ ಆಮೇಲೆ ಬಂದವರು ಯಾರು ಸಾರ್? ಕೆಂಪು ಮುಚ್ಚಳದ ಅಡಿ ಹೆಬ್ಬೆಟ್ಟು ಇದ್ರೆ ಕೇಸು ಮುಗೀತು. ನೀವು ಅದನ್ನ ತೆಗೀಬೇಡಿ, ನಾನು ಬಂದು ಫೋಟೋ ಹಿಡಿಸ್ತೀನಿ."

ಅಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಬಚ್ಚಲ ತೂತನ್ನೇ ನೋಡುತ್ತಿದ್ದಳು.

"ಕೊಳವೆ ಅಪ್ಪನ ಕೈಲಿದೆ ಅಂದೆ ಸಾರ್. ಹಾಗಾದ್ರೆ ಇನ್ನು ಭಯ ಇಲ್ಲ ಅಂದ್ರು. ಊಟ ತರಿಸಿ ಅಂದ್ರು. ಇಷ್ಟು ದಿನಕ್ಕೆ ಇವತ್ತೇ ಹೊಟ್ಟೆ ತುಂಬ ತಿಂದಿದ್ದು."

ಕೊಕ್ಕೆ ಮೊಣಕಾಲೂರಿ ತೂತಿನೊಳಗೆ ಬೆರಳು ಹಾಕಿದ. ಒಂದು ಚಿಟಿಕೆ ಮರಳು ಬಂತು, ಅಷ್ಟೇ. ಅವನು ಅಳುತ್ತಿದ್ದ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು.

"ಹಲೋ, ಸಾರ್? ನಿಮ್ಮ ರಸ್ತೆಗೇ ಬಂದ್ವಿ. ಹೆಬ್ಬೆಟ್ಟು ಹೋಲಿಸಬೇಕಲ್ಲ, ಮೇಡಂನೂ ಕರ್ಕೊಂಡು ಬಂದಿದೀನಿ. ತಕರಾರು ಮಾಡ್ತಾರೆ ಅಂದುಕೊಂಡಿದ್ದೆ. ಕರೆದ ಕೂಡಲೇ ಎದ್ದು ಬಂದ್ರು."

ಹೊರಗೆ ಜೀಪು ನಿಂತಿತು. ಬಾಗಿಲು ತಟ್ಟಿದ ಸದ್ದು. ಅಕ್ಕ ಕುಂಡದ ಮಣ್ಣನ್ನು ಕೆಳಗಿಡುವುದನ್ನೂ ಮರೆತು, ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೆರೆದಳು.

ಮೊದಲು ಒಳಗೆ ಬಂದವರು ಮೇಡಂ. ಅವರು ಅಕ್ಕನನ್ನು ನೋಡಲಿಲ್ಲ, ಕೊಳವೆ ಎಲ್ಲಿ ಎಂದು ಹುಡುಕಲೂ ಇಲ್ಲ. ಬಚ್ಚಲ ಬಾಗಿಲಲ್ಲಿ ನಿಂತಿದ್ದ ಕೊಕ್ಕೆಯ ಒದ್ದೆ ಕೈಗಳನ್ನು ನೋಡಿದರು.